ಅಟ್ಟದ ಹಬೆ

"ಎಲ್ಲಾ ಚೆನ್ನಾಗೇ ಹೋಯ್ತು ಅಜ್ಜಿ. ಕಣ್ಣು ನೋಡಿದ್ರು, ಕಿವಿ ನೋಡಿದ್ರು, ಭೇಷ್ ಅಂದ್ರು. ಕೊನೇಲಿ ಒಂದು ಕೊಳವೆ ಕೊಟ್ಟು ಊದಮ್ಮ ಅಂದ್ರು. ಊದಿದೆ. ಇನ್ನೂ ಗಟ್ಟಿಯಾಗಿ ಅಂದ್ರು. ಎದೆ ಒಳಗಡೆ ಸೀಟಿ ಹೊಡ್ದಂಗಾಯ್ತು. ಡಾಕ್ಟರಮ್ಮ ತಲೆ ಎತ್ತಿ, ಮನೇಲಿ ಏನು ಕೆಲಸ ಮಾಡ್ತಾರೆ ಅಂದ್ರು. ಗೂಡು ಬೇಯ್ಸಿ ರೇಷ್ಮೆ ತೆಗೀತಾರೆ ಅಂದೆ. ನೀನು ಮಲಗೋದೆಲ್ಲಿ ಅಂದ್ರು. ಆ ಒಲೆ ಮೇಲಿನ ಅಟ್ಟದಾಗೆ, ಚಿಕ್ಕೋಳಿದ್ದಾಗಿಂದ ಅಲ್ಲೇ ಓದೋದು, ಅಲ್ಲೇ ಮಲಗೋದು ಅಂದೆ. ಅವ್ರು ಪೆನ್ನು ಕೆಳಗಿಟ್ಬಿಟ್ರು. ಇಂಥ ಎದೆ ಇಟ್ಕೊಂಡು ವಿಮಾನ ಓಡ್ಸೋಕಾಗಲ್ಲ ಕಣಮ್ಮ ಅಂದ್ರು. ಅಮ್ಮೀಗೆ ಮಾತ್ರ ಹೇಳ್ಬೇಡಿ ಅಜ್ಜಿ. ಕಣ್ಣಲ್ಲಿ ಏನೋ ದೋಷ ಅಂತ ಹೇಳಿದೀನಿ."

ಶಿಡ್ಲಘಟ್ಟದ ಖಾಜಾ ಪೀರ್ ಮಗಳು ಶೈಸ್ತಾ ಇದನ್ನು ನನಗೆ ಹೇಳಿ ಕೆಲವು ವರ್ಷವಾಯಿತು. ಅವರ ಮನೆಯ ಜಗಲಿಯಲ್ಲಿ ಕೂತು ಗೂಡಿನ ಮೇಲೆ ಸುತ್ತಿಕೊಂಡ ಒರಟು ಎಳೆ, ಆ ಜುಂಗು ಬಿಡಿಸುವುದು ನನ್ನ ಕೆಲಸ. ಅವರ ಮನೆಮಾತು ಉರ್ದು. ಕೇಳಿ ಕೇಳಿ ನನಗೂ ತಿಳಿಯುತ್ತದೆ.

ದೇವನಹಳ್ಳಿಗೆ ಇಳಿಯುವ ವಿಮಾನಗಳು ಅವರ ಮಾಳಿಗೆ ಮೇಲೇ ಹೋಗುತ್ತವೆ. ಸ್ಕೂಲಿನ ದಿನದಿಂದಲೂ ಅವಳಿಗೆ ಅದೇ ಹುಚ್ಚು. ಗೂಡಿನ ಮೂಟೆ ತರುವ ಗಂಗುಲಪ್ಪ, "ಏನಮ್ಮಾ ಪೈಲಟ್ಟು, ನಿನ್ ವಿಮಾನ ನಮ್ಮೂರು ಮುರುಗಮಲ್ಲದಾಗೆ ಸ್ಟಾಪ್ ಕೊಡ್ತದಾ?" ಎಂದು ರೇಗಿಸುತ್ತಿದ್ದ.

"ನಿಂಗೆ ಸ್ಟಾಪ್ ಯಾಕಣ್ಣಾ, ಮೇಲಿಂದಾನೇ ತಳ್ತೀನಿ" ಎನ್ನುತ್ತಿದ್ದಳು.

ತಾಯಿ ವಜೀರುನ್ನೀಸಾ ಮನೆಯಲ್ಲಿದ್ದ ಬೆಚ್ಚಗಿನ ಜಾಗವನ್ನು, ಆ ಅಟ್ಟವನ್ನು, ಓದುವ ಮಗಳಿಗೆಂದೇ ಬಿಟ್ಟುಕೊಟ್ಟಿದ್ದಳು. ಮಗಳು ಕೆಮ್ಮಿದರೆ ಗೂಡು ಬೇಯುವ ಬಾಣಲೆಯ ಮುಂದೆ ಕೂರಿಸಿ, ತಲೆಗೆ ದುಪಟ್ಟ ಹೊದಿಸಿ ಹಬೆ ಕೊಡಿಸುತ್ತಿದ್ದಳು. ರೇಷ್ಮೆ ನೀರಿನ ಹಬೆ ಎದೆಗೆ ಒಳ್ಳೆಯದೆಂದು ಅವಳ ಅತ್ತೆ ಹೇಳಿಕೊಟ್ಟಿದ್ದು.

ಈಗ ಶೈಸ್ತಾ ವಿಮಾನ ನಿಲ್ದಾಣದಲ್ಲಿ ಪ್ರಯಾಣಿಕರ ಪಾಸು ನೋಡಿ ಒಳಗೆ ಬಿಡುವ ಕೆಲಸದಲ್ಲಿದ್ದಾಳೆ. "ಲೇಡಿ ಪೈಲಟ್‌ಗಳು ಬರ್ತಾರಜ್ಜಿ, ನನ್ ವಯಸ್ಸಿನೋರೇ. ಗುಡ್ ಮಾರ್ನಿಂಗ್ ಅಂತಾರೆ. ನಾನೂ ಅಂತೀನಿ" ಎಂದಿದ್ದಳು ಒಮ್ಮೆ. ಮತ್ತೆ ಆ ಮಾತು ಎತ್ತಲಿಲ್ಲ.

ಮೊನ್ನೆ ಅವಳ ಅಣ್ಣನ ಮಗಳು, ಪುಟ್ಟ ಶಾಜಿಯಾ, ಒಂದೇ ಸಮನೆ ಕೆಮ್ಮುತ್ತಿತ್ತು. ವಜೀರುನ್ನೀಸಾ ಮಗುವನ್ನು ಬಾಣಲೆಯ ಮುಂದೆ ಕೂರಿಸಿ ದುಪಟ್ಟ ಹೊದಿಸುತ್ತಿದ್ದಳು. ಡ್ಯೂಟಿ ಮುಗಿಸಿ ಬಂದ ಶೈಸ್ತಾ ಬಾಗಿಲಲ್ಲೇ ನಿಂತಳು. ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಹೋಗಿ ಮಗುವನ್ನು ಎತ್ತಿಕೊಂಡಳು.

"ಬೇಡ ಅಮ್ಮೀ. ಈ ಹಬೆ ಎದೆ ಕೆಡಿಸ್ತದೆ."

"ಏ ಹೋಗೇ, ದೊಡ್ಡ ಡಾಕ್ಟ್ರು! ನಿಂಗೆ ಕೊಟ್ಟಿರ್ಲಿಲ್ವಾ ನಾನು? ನಿಂಗೇನಾಗಿದೆ?"

ಶೈಸ್ತಾ ಮಗುವಿನ ಬೆನ್ನು ಸವರುತ್ತ ನಿಂತಳು. ಮೆಟ್ಟಿಲು ಹತ್ತಿದಾಗ ಮಗಳು ಬಿಡುವ ಏದುಸಿರು ತಾಯಿಗೆ ನೆನಪಾಯಿತೋ ಏನೋ.

"ಕಣ್ಣು ಅಂದಿದ್ದೆಯಲ್ಲೇ" ಎಂದಳು ವಜೀರುನ್ನೀಸಾ, ಬಹಳ ಮೆಲ್ಲಗೆ.

"ಮಗು ಆಚೆ ಗಾಳೀಲಿ ಕೂತ್ಕೊಳ್ಳಲಿ ಅಮ್ಮೀ" ಎಂದು ಶೈಸ್ತಾ ಜಗಲಿಗೆ ಬಂದಳು.

ಬೆಂದ ಗೂಡು ಯಾರಿಗೂ ಕಾಯುವುದಿಲ್ಲ. ವಜೀರುನ್ನೀಸಾ ದುಪಟ್ಟವನ್ನು ಮಡಿಸಿ ಮೂಲೆಗಿಟ್ಟಳು. ಬಿಸಿನೀರಿಗೆ ಕೈಹಾಕಿ, ಎಳೆ ಹುಡುಕಿ, ರಾಟೆಗೆ ಸಿಕ್ಕಿಸಿದಳು.