ಶಾಹೀನಾ ಇಲ್ಲದ ಎಡಗಡೆಯ ಆಕಾಶ

ಗೆಳೆಯರೇ, ಇವತ್ತು ಬೆಳಿಗ್ಗೆ ಕುರುಗೋಡಿನ ಬೆಟ್ಟದ ಮೇಲೆ ಒಬ್ಬಳೇ ಕೂತು ಸೆಳೆವಗಳನ್ನು ಎಣಿಸಿದೆ. ಚಳಿಗಾಲವೆಲ್ಲ ನಮ್ಮ ಹೊಲಗಳ ಮೇಲೆ ಬೇಟೆಯಾಡಿ, ಬಿಸಿಲು ಏರುತ್ತಲೇ ಉತ್ತರಕ್ಕೆ ಮರಳುವ, ಹದ್ದಿನಂಥ ಹಕ್ಕಿಗಳಿವು. ಪ್ರತಿ ವರ್ಷ ಬಲಗಡೆಯ ಆಕಾಶ ನನ್ನದು, ಎಡಗಡೆಯದು ಗೆಳತಿ ಶಾಹೀನಾಳದು. ಈಗ ಅವಳಿಗೆ ಸಿರುಗುಪ್ಪದ ಶಾಲೆಗೆ ವರ್ಗವಾಗಿದೆ. ದೂರವೇನಲ್ಲ, ಆದರೆ ಪರೀಕ್ಷೆಯ ಕಾಲದಲ್ಲಿ ಟೀಚರಿಗೆ ರಜೆ ಎಲ್ಲಿದೆ?

ಬಸವೇಶ್ವರನ ದರ್ಶನ ಮುಗಿಸಿ ಬೆಟ್ಟ ಹತ್ತಿ ಬಂದ ಹೆಂಗಸೊಬ್ಬರು ವಿಷಯ ಕೇಳಿ ತಿಳಿದುಕೊಂಡರು.

"ಒಬ್ಬರಿಗೆ ಎರಡೂ ಕಡೆ ನೋಡಾಕ ಹೆಂಗ ಆಗತೈತಿ? ಆ ಕಡೆ ನಾ ನೋಡತೀನಿ" ಎನ್ನುತ್ತ ಶಾಹೀನಾ ಕೂರುತ್ತಿದ್ದ ಬಂಡೆಯ ಮೇಲೇ ಕೂತರು. ಬೇಡ ಎನ್ನಬೇಕೆನಿಸಿದರೂ ಬಲಗಡೆಗೆ ತಿರುಗಿ ಕೂತೆ.

"ಅಲ್ಲೊಂದು ಬಂತು ನೋಡ್ರಿ!"

"ಅದು ಹದ್ದು ರೀ. ಲೆಕ್ಕಕ್ಕಿಲ್ಲ."

"ಯಾಕ?"

"ಅದು ಎಲ್ಲೂ ಹೋಗಂಗಿಲ್ಲ, ಇಲ್ಲೇ ಇರತೈತಿ."

ಅವರಿಗೆ ಸಿಟ್ಟೇ ಬಂತು. "ಬಿಟ್ಟು ಹೋಗೋವನ್ನ ಎಣಸ್ತೀರಿ, ಇಲ್ಲೇ ಇರೋವು ಲೆಕ್ಕಕ್ಕಿಲ್ಲೇನ್ರಿ?"

ಅಷ್ಟರಲ್ಲಿ ಸೆಳೆವವೊಂದು ನಮ್ಮ ತಲೆಯ ಮೇಲೆ ಹಾದು ಸಿರುಗುಪ್ಪದ ದಿಕ್ಕು ಹಿಡಿಯಿತು. ಅದು ಮರೆಯಾಗುವವರೆಗೂ ಇಬ್ಬರೂ ನೋಡಿದೆವು. ಅದರ ಬೆನ್ನಿಗೇ ಹೋಗಿಬಿಡಬೇಕು ಅನ್ನಿಸಿತು.

ಸಂಜೆ ಶಾಹೀನಾಗೆ ಫೋನ್ ಮಾಡಿ ಎಲ್ಲ ಹೇಳಿದೆ. ಹಕ್ಕಿ ಎಷ್ಟು ಬಂದವು ಎಂದೂ ಅವಳು ಕೇಳಲಿಲ್ಲ.

"ನನ್ನ ಜಾಗದಾಗ ಆಕೀನ್ನ ಕುಂದರಿಸಿದೇನ?"

ಅವಳ ಹೊಟ್ಟೆಕಿಚ್ಚು ಕೇಳಿ ಇಡೀ ದಿನದಲ್ಲಿ ಮೊದಲ ಸಲ ನನಗೆ ಖುಷಿಯಾಯಿತು.