ನಡುಹೊಳೆಯ ಮಾತು

ದೆವ್ವ, ಗಾಳಿ ಎಂದರೆ ನಾನು ನಗುತ್ತಿದ್ದವನು. ಮೂವತ್ತು ದಾಟಿದ ಮೇಲೆ ಸಂಜೆ ಶಾಲೆಯಲ್ಲಿ ಅಕ್ಷರ ಕಲಿತೆ. ಕಲಿತ ಮೇಲಂತೂ ನಗು ಇನ್ನೂ ಹೆಚ್ಚಾಯಿತು. ಈಗ ಮೊಬೈಲಿನಲ್ಲಿ ಒಂದೊಂದೇ ಅಕ್ಷರ ಹುಡುಕಿ ಒತ್ತುತ್ತ ಇದನ್ನು ಬರೆಯುತ್ತಿದ್ದೇನೆ. ನೀವು ನಂಬಲೇಬೇಕೆಂದು ನನ್ನ ಹಟವಿಲ್ಲ.

ನಮ್ಮದು ಗಂಗಾವತಿ ತಾಲ್ಲೂಕಿನಲ್ಲಿ ತುಂಗಭದ್ರೆಯ ಒಂದು ನಡುಗಡ್ಡೆ. ಅಲ್ಲಿ ಅಣ್ಣ ಹರಿಗೋಲು ಹಾಕುತ್ತಿದ್ದ. ಇನ್ನೂರು ಚಿಲ್ಲರೆ ವರ್ಷಗಳ ಹಿಂದೆ ಪಾಳೇಗಾರರು ದಂಗೆ ಎದ್ದಾಗ, ದಂಗೆಯವರೂ ಅವರನ್ನು ಅಡಗಿಸಲು ಹೊರಟವರೂ ಹರಿಗೋಲುಗಳಲ್ಲಿ ಬಂದು ಮಂಜಿನೊಳಗೆ ನಡುಹೊಳೆಯಲ್ಲಿ ಎದುರಾದರಂತೆ. "ಯಾರವರು?" ಎಂದರೆ ಎರಡೂ ಕಡೆಯಿಂದ "ನಮ್ಮವರ" ಎಂದೇ ಉತ್ತರ. ಎಲ್ಲರೂ ಇದೇ ದಂಡೆಯ ಊರುಗಳವರು. ಹತ್ತಿರ ಬಂದ ಮೇಲೆ ಗುಂಡು ಹಾರಿದವು, ಒಬ್ಬರೂ ದಡ ಸೇರಲಿಲ್ಲ. ಸತ್ತವರು ಇಂದಿಗೂ ಯಾರವರೆಂದು ಕೇಳುತ್ತಾರೆಂದು ಅಣ್ಣ ನಡುಹೊಳೆಯ ಆ ಮಡುವಿನಲ್ಲಿ ಹುಟ್ಟು ಎತ್ತಿ, "ನಮ್ಮವರ" ಎಂದೇ ಮುಂದೆ ಸಾಗುತ್ತಿದ್ದ.

ನಾನು ಹಾಸ್ಯ ಮಾಡಿದರೆ, "ನಾಕ್ ಅಕ್ಷರ ಬಂತಂತ ಹೊಳಿಗೂ ಪಾಠ ಹೇಳ್ತಿ ಏನಲೇ?" ಎನ್ನುತ್ತಿದ್ದ.

ಎಂಟು ವರ್ಷದ ಹಿಂದೆ ಒಂದು ಸಂಜೆ ಅವನಿಗೆ ಲಕ್ವಾ ಹೊಡೆಯಿತು. ಬಾಯಿ ಸೊಟ್ಟಗಾಗಿ ಮಾತು ನಿಂತಿತು. ಡ್ಯಾಮಿನಿಂದ ನೀರು ಬಿಟ್ಟಿದ್ದರು, ಕತ್ತಲಲ್ಲಿ ದಾಟುವಂತಿರಲಿಲ್ಲ. ಬೆಳಕು ಹರಿಯುತ್ತಲೇ ಅವನನ್ನು ಹರಿಗೋಲಿನಲ್ಲಿ ಮಲಗಿಸಿ, ತಲೆಯನ್ನು ಅತ್ತಿಗೆಯ ತೊಡೆಯ ಮೇಲಿಟ್ಟು, ನಾನೇ ಹುಟ್ಟು ಹಾಕಿದೆ. ಮಂಜು ದಟ್ಟವಾಗಿತ್ತು.

ಮಡುವಿಗೆ ಬಂದಾಗ ಹುಟ್ಟು ಎತ್ತಲಿಲ್ಲ. ಅವಸರವಿತ್ತು, ಹಮ್ಮೂ ಇತ್ತು. ಆಗ ಸುತ್ತ ಹತ್ತಾರು ಹುಟ್ಟುಗಳು ನೀರು ಬಡಿಯುವ ಸದ್ದು ಕೇಳಿತು. ಮದ್ದು ಸುಟ್ಟ ವಾಸನೆ ಬಂತು. ನಮ್ಮ ಹರಿಗೋಲು ನಿಂತಲ್ಲೇ ಗಿರಗಿರನೆ ತಿರುಗತೊಡಗಿತು. ಮಂಜಿನಿಂದ ಯಾರೋ ಕೇಳಿದರು, "ಯಾರವರು?"

ನಾನು ಇನ್ನೂ ಜೋರಾಗಿ ಹುಟ್ಟು ಹಾಕಿದೆ. ಅಷ್ಟರಲ್ಲಿ ಬೆನ್ನ ಹಿಂದೆ ಅಣ್ಣನ ಧ್ವನಿ, ಸ್ಪಷ್ಟವಾಗಿ: "ನಮ್ಮವರ ಅದೀವಿ. ಬಿಡ್ರಿ."

ತಿರುಗುವುದು ನಿಂತಿತು. ಸದ್ದೂ ಅಡಗಿತು.

ಗಂಗಾವತಿಯ ಆಸ್ಪತ್ರೆಯಲ್ಲಿ ಡಾಕ್ಟರು ಮಾತು ಯಾವಾಗ ನಿಂತಿತು ಎಂದು ಕೇಳಿದರು. "ನಿನ್ನಿ ಸಂಜಿಂದ ಒಂದ್ ಮಾತೂ ಆಡಿಲ್ರಿ," ಎಂದಳು ಅತ್ತಿಗೆ. ಆಮೇಲೆ ನಾನು ಮಡುವಿನ ಮಾತೆತ್ತಿದೆ. ಅವಳು ನನ್ನನ್ನೇ ನೋಡಿದಳು.

"ಜೊಲ್ಲು ಒರಸ್ಕೋತ ನಿಮ್ಮಣ್ಣನ ಬಾಯಿ ಮ್ಯಾಲ ಕೈ ಇಟ್ಕೊಂಡಿದ್ದೆ. ತುಟಿ ಅಲ್ಲಾಡಿಲ್ಲೋ. ನೀನ ಅಂದಿ ಅನ್ಕೊಂಡೆ."

ಮೂರನೆಯ ದಿನ ಅಣ್ಣ ತೀರಿಕೊಂಡ. ನಾನು ಬಾಯಿ ತೆರೆದಿರಲಿಲ್ಲ, ಅದು ನನಗೆ ಗೊತ್ತು. ತೆರೆಯಬೇಕಿತ್ತು ಎಂಬುದೂ ಗೊತ್ತು. ಉಳಿದದ್ದು ನನಗೆ ಇಂದಿಗೂ ತಿಳಿದಿಲ್ಲ.