ಹಿಂದ ಯಾರರ ಅದಾರೇನು?

ಬೆಳಗಾವಿಯಲ್ಲಿ ನನ್ನದೊಂದು ಚಶ್ಮಾ ಅಂಗಡಿ ಇದೆ. ದಿನವಿಡೀ ಜನರನ್ನು ಕುರ್ಚಿಯ ಮೇಲೆ ಕೂರಿಸಿ "ಕೆಳಗಿನ ಸಾಲು ಓದ್ರಿ" ಅನ್ನುವುದು ನನ್ನ ಕೆಲಸ. ಕಾಣದ ಅಕ್ಷರವನ್ನು ಕಂಡೆ ಅಂತ ಸಾಧಿಸುವವರು ಬಹಳ ಮಂದಿ ಬಂದು ಹೋಗಿದ್ದಾರೆ, ಮುಖ ನೋಡಿದರೇ ನನಗೆ ಗೊತ್ತಾಗುತ್ತದೆ. ಅದಕ್ಕೇ ಇದನ್ನು ಹೇಳಲು ನನಗೇ ಮುಜುಗರ. ಆದರೆ ನಡೆದದ್ದು ನಡೆದದ್ದೇ. ಊರಿಗೆ ಬಂದ ಮೇಲೆ ಮೊದಲು ಮಾಡಿದ ಕೆಲಸ ಕಣ್ಣು, ಕಿವಿ ಎರಡನ್ನೂ ತೋರಿಸಿಕೊಂಡದ್ದು. ಎರಡೂ ನೆಟ್ಟಗಿವೆ. ನೆಟ್ಟಗಿರದಿದ್ದರೆ ಎಷ್ಟು ಚೆನ್ನಾಗಿತ್ತು ಅಂತ ಈಗಲೂ ಅನ್ನಿಸುತ್ತದೆ.

ನನಗೂ ನನ್ನ ಗೆಳತಿ ವಿದ್ಯಾಳಿಗೂ ನಡೆಯುವ ಹುಚ್ಚು. ಖಾನಾಪುರದಿಂದ ಹೊರಟು, ಕಾಡಿನ ಹಳೇ ಬಂಡಿದಾರಿಗಳನ್ನೆಲ್ಲ ಒಂದಕ್ಕೊಂದು ಜೋಡಿಸಿ, ಸಿಕ್ಕ ಊರಿನಲ್ಲಿ ರಾತ್ರಿ ತಂಗುತ್ತಾ ಕಣಕುಂಬಿಯವರೆಗೆ ಹೋಗುವ ಒಂದು ದೊಡ್ಡ ದಾರಿ ಮಾಡಬೇಕು, ಡಿಸೆಂಬರಿನಲ್ಲಿ ನಮ್ಮ ನಡಿಗೆಯ ಬಳಗವನ್ನೆಲ್ಲ ಕರೆದೊಯ್ಯಬೇಕು ಅನ್ನುವುದು ನಮ್ಮ ಆಸೆ. ವಿದ್ಯಾಳ ಮನೆಯ ಊಟದ ಟೇಬಲ್ಲಿನ ಮೇಲೆ ನಕ್ಷೆ ಹರಡಿಕೊಂಡು, ನೀರು ಎಲ್ಲಿ ಸಿಗುತ್ತದೆ, ಕರಡಿ ಕಾಟ ಎಲ್ಲಿದೆ ಅಂತ ಗುರುತು ಹಾಕುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ. ಅವಳ ಗಂಡ ತಾನೇ ಚಹಾ ಮಾಡಿ ತಂದಿಟ್ಟು, ಇವತ್ತು ಊಟ ಉಂಟೋ ನಕ್ಷೆಯನ್ನೇ ನೆಕ್ಕಬೇಕೋ ಅಂತ ಛೇಡಿಸುತ್ತಿದ್ದ.

ಆ ಮನೆಯಿಂದ ಎದ್ದು ಬರುವುದು ನನಗೆ ಯಾವಾಗಲೂ ಕಷ್ಟವೇ. ನನ್ನ ಮನೆಗೆ ನಾನೇ ಬೀಗ, ನಾನೇ ಕೀಲಿ. ತಡವಾದರೆ ಹಾದಿ ನೋಡುವವರು ಯಾರೂ ಇಲ್ಲ.

ವಿದ್ಯಾಳ ತವರು ಖಾನಾಪುರದಾಚೆಯ ಕಾಡಂಚಿನ ಹಳ್ಳಿ. ಅಲ್ಲಿ ಗುಂಪಾಗಿ ಕಾಡು ದಾಟುವಾಗ ಒಂದು ಪದ್ಧತಿ ಇದೆ. ಮುಂದೆ ಹೋಗುವವನು, ಹಾದಿ ಕವಲೊಡೆದ ಕಡೆ, ತಾನು ಹಿಡಿಯದ ಹಾದಿಗೆ ಅಡ್ಡವಾಗಿ ಒಂದು ಹಸಿರು ಟೊಂಗೆ ಮುರಿದು ಹಾಕುತ್ತಾನೆ. ಅದಕ್ಕೆ ತಪ್ಪಲ ಹಾಕುವುದು ಅನ್ನುತ್ತಾರೆ. ಈ ಕಡೆ ಬರಬೇಡಿ, ಆ ಕಡೆ ಬನ್ನಿ ಅಂತ ಅರ್ಥ. ಎಲ್ಲರಿಗಿಂತ ಹಿಂದೆ ಬರುವವನು ಆ ತಪ್ಪಲನ್ನು ಎತ್ತಿ ಎಸೆದು ಬರಬೇಕು. ನಡುವಿನವರು ಮುಟ್ಟಬಾರದು.

ಕಾಡು ಮುಗಿಯುವ ಕೊನೆಯ ಕವಲಿನಲ್ಲಿ ಮುಂದಿನವನು ನಿಂತು, ಹಿಂದೆ ಯಾರಾದರೂ ಇದ್ದಾರೇನು ಅಂತ ಕೂಗಿ ಕೇಳುತ್ತಾನೆ. ಯಾರೂ ಇಲ್ಲ ಅಂತ ಉತ್ತರ ಬಂದ ಮೇಲೆಯೇ ಊರಿಗೆ ಹೋಗುವುದು. ವಿದ್ಯಾಳ ಅಜ್ಜ ಇದನ್ನೆಲ್ಲ ಅವಳಿಗೆ ಕಲಿಸಿ, "ತಪ್ಪಲ ಇದ್ದಲ್ಲೆ ಹಾದಿ ತಪ್ಪಂಗಿಲ್ಲ. ಆದರ ಆ ಕೂಗಿಗೆ ಮಾತ್ರ ಸುಳ್ಳು ಹೇಳಬ್ಯಾಡ್ರಿ. ಹೇಳಿದರ ಒಬ್ಬಾಂವ ಕಾಡಾಗ ಉಳೀತಾನ" ಅನ್ನುತ್ತಿದ್ದನಂತೆ. ನಮ್ಮ ಬಳಗಕ್ಕೂ ಅವಳು ಇದನ್ನೇ ಕಲಿಸಿದ್ದಳು. ಅವಳು ಮುಂದೆ, ನಾನು ಯಾವಾಗಲೂ ನಡುವೆ.

ಇಡೀ ದಾರಿಯಲ್ಲಿ ನಾವು ಕಣ್ಣಾರೆ ನೋಡದೆ ಉಳಿದದ್ದು ಒಂದೇ ತುಣುಕು, ಅಭಯಾರಣ್ಯದ ಹೊರಗೆ ಎರಡು ಹಳ್ಳಿಗಳ ನಡುವಿನ ಬಂಡಿದಾರಿ. ಅಷ್ಟರಲ್ಲಿ ವಿದ್ಯಾ ಮನೆಯ ಮೆಟ್ಟಿಲ ಮೇಲೆ ಜಾರಿ ಮೊಣಕಾಲಿಗೆ ಪೆಟ್ಟು ಮಾಡಿಕೊಂಡಳು. ನೆಟ್ಟಗಾಗುವವರೆಗೆ ತಡಿ, ಕೂಡಿಯೇ ಹೋಗೋಣ ಅಂತ ಪರಿಪರಿಯಾಗಿ ಹೇಳಿದಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು. ನವೆಂಬರಿನ ಒಂದು ಭಾನುವಾರ ನಾನೊಬ್ಬಳೇ ಬ್ಯಾಗು ಹೆಗಲಿಗೇರಿಸಿಕೊಂಡು ಹೊರಟೆ. ಸಂಜೆ ತಲುಪುವ ಹಳ್ಳಿಯಲ್ಲಿ ವಿದ್ಯಾಳಿಗೆ ಸಂಬಂಧದಲ್ಲಿ ಅತ್ತಿಗೆಯಾಗುವ ಶಾಂತಾವೈನಿಯ ಮನೆಯಲ್ಲಿ ತಂಗುವುದು ಅಂತ ಫೋನಿನಲ್ಲಿ ಮಾತಾಗಿತ್ತು.

ಖಾನಾಪುರದಲ್ಲಿ ಬಸ್ಸು ಕೈಕೊಟ್ಟಿತು. ಬೆಳಿಗ್ಗೆ ನಡೆಯಬೇಕಾದವಳು ಮೊದಲ ಹಳ್ಳಿ ಬಿಟ್ಟದ್ದೇ ಊಟದ ಹೊತ್ತು ಮೀರಿದ ಮೇಲೆ. ನಾಳೆ ಹೋಗು ಅಂತ ನನ್ನ ಮನಸ್ಸಿನೊಳಗಿನಿಂದಲೇ ಯಾರೋ ಅಂದರು. ನಾಳೆ ಅಂಗಡಿ ತೆಗೆಯಬೇಕಲ್ಲ ಅಂತ ಅವರ ಬಾಯಿ ಮುಚ್ಚಿಸಿದೆ.

ಮೊದಮೊದಲು ಎಲ್ಲ ಚೆನ್ನಾಗಿತ್ತು. ಮಳೆಗಾಲದ ತೇವ ಇನ್ನೂ ಆರದ ನೆಲ, ಕೊಳೆತ ಎಲೆಯ ವಾಸನೆ, ಮೇಲೆಲ್ಲೋ ಮಂಗಟ್ಟೆ ಹಕ್ಕಿಯ ರೆಕ್ಕೆಯ ಸದ್ದು. ಆದರೆ ನಕ್ಷೆಯಲ್ಲಿ ಒಂದೇ ಗೆರೆಯಾಗಿದ್ದ ಬಂಡಿದಾರಿ ಕಾಡಿನಲ್ಲಿ ಒಂದಾಗಿರಲಿಲ್ಲ. ದನಗಳು ತಮ್ಮ ಮನಸ್ಸಿಗೆ ಬಂದಂತೆ ಅಡ್ಡದಾರಿ ಮಾಡಿಕೊಂಡಿದ್ದವು. ಫೋನು ತೆಗೆದು ನೋಡಿದರೆ ಬರೀ ಹಸಿರು ಬಣ್ಣ, ಅದರ ನಡುವೆ ನಾನು ಎಂಬ ಒಂದು ನೀಲಿ ಚುಕ್ಕಿ. ಸುತ್ತ ಒಂದು ಗೆರೆಯೂ ಇಲ್ಲ. ಹಿಂದಕ್ಕೆ ಹೋಗೋಣವೆಂದರೆ ಬಂದ ದಾರಿಯೇ ಗುರುತು ಹತ್ತದು.

ಸೂರ್ಯ ಮರಗಳ ಹಿಂದೆ ಇಳಿದ. ನನಗೆ ಭಯವಾಯಿತು, ಸುಳ್ಳು ಯಾಕೆ ಹೇಳಲಿ. ದೆವ್ವದ ಭಯವಲ್ಲ, ಕರಡಿಯದ್ದು. ಅದಕ್ಕಿಂತ ಹೆಚ್ಚಾಗಿ, ಇಲ್ಲಿ ಬಿದ್ದು ಕಾಲು ಮುರಿದುಕೊಂಡರೆ ಯಾವಾಗ ಯಾರಿಗೆ ಗೊತ್ತಾದೀತು ಅನ್ನುವ ಲೆಕ್ಕ.

ಆಗಲೇ ಒಂದು ಕವಲು ಬಂತು. ಬಲಕ್ಕೆ ಅಗಲವಾದ ಹಾದಿ, ಎಡಕ್ಕೆ ಸಣ್ಣದು. ಬಲದ ಹಾದಿಗೆ ಅಡ್ಡವಾಗಿ ಒಂದು ನೇರಳೆ ಟೊಂಗೆ ಬಿದ್ದಿತ್ತು...

ಬಗ್ಗಿ ನೋಡಿದೆ. ಗಾಳಿಗೆ ಬಿದ್ದದ್ದಲ್ಲ, ಕೈಯಿಂದ ಮುರಿದದ್ದು. ಮುರಿದ ತುದಿ ಇನ್ನೂ ಹಸಿ ಹಸಿಯಾಗಿತ್ತು. ಎಲೆ ಹಿಸುಕಿದಾಗ ಬರುವ ಆ ಒಗರು ವಾಸನೆ ಮೂಗಿಗೆ ಹೊಡೆಯಿತು. ಹೋದ ಜೀವ ಬಂದಂತಾಯಿತು. ಮುಂದೆ ಯಾರೋ ಈಗಷ್ಟೇ ಹೋಗಿದ್ದಾರೆ! "ಯಾರ್ರೀ ಮುಂದ?" ಅಂತ ಕೂಗಿದೆ. ಉತ್ತರ ಬರಲಿಲ್ಲ. ಆದರೆ ಎಡದ ಹಾದಿಯಿಂದ ಬೀಡಿಯ ವಾಸನೆ ತೆಳ್ಳಗೆ ತೇಲಿ ಬಂತು.

ಹಿಂದೆ ಯಾರೂ ಇಲ್ಲದ ಮೇಲೆ ಕೊನೆಯವಳು ನಾನೇ, ತಪ್ಪಲ ತೆಗೆಯಬೇಕಾದವಳೂ ನಾನೇ ಅಂತ ಟೊಂಗೆಗೆ ಕೈ ಹಾಕಿದೆ. ಆಗ ಬೆನ್ನ ಹಿಂದೆ, ಸ್ವಲ್ಪ ದೂರದಲ್ಲಿ, ತರಗೆಲೆ ಸದ್ದಾಯಿತು. ಚರಕ್... ಚರಕ್... ಮನುಷ್ಯರ ಹೆಜ್ಜೆ. ಆಮೇಲೆ ಒಂದು ಸಣ್ಣ ಕೆಮ್ಮು.

ಓಹೋ, ಹಿಂದೆಯೂ ಇದ್ದಾರೆ, ಅವರೇ ತೆಗೆಯುತ್ತಾರೆ ಅಂದುಕೊಂಡು ಕೈ ಬಿಟ್ಟು ಎಡಕ್ಕೆ ಹೊರಟೆ. ತುಸು ದೂರ ಹೋಗಿರಬೇಕು, ಹಿಂದಿನಿಂದ ಟೊಂಗೆ ಎಳೆದ ಸದ್ದು ಬಂತು. ಸರ್‍ರ್... ಧಪ್ ಅಂತ ಪೊದೆಗೆ ಎಸೆದದ್ದೂ ಕೇಳಿಸಿತು.

ನಿಮಗೆ ನಗು ಬರಬಹುದು, ಆಗ ನನಗೆ ಆದದ್ದು ಸಂತೋಷ. ಮುಂದೆ ಹಾದಿ ತೋರಿಸುವವರು, ಹಿಂದೆ ಕಾಯ್ದುಕೊಂಡು ಬರುವವರು, ನಡುವೆ ನಾನು. ಮದುವೆ ಮನೆಗೆ ಹೊರಟ ಹಾಗಿತ್ತು. ಗುನುಗುತ್ತಾ ನಡೆದೆ.

ಮುಂದಿನ ಕವಲಿನ ಹೊತ್ತಿಗೆ ಕತ್ತಲಾಗಿತ್ತು. ಟಾರ್ಚ್ ಹಾಕಿದೆ. ಮತ್ತೆ ತಪ್ಪಲ, ಮತ್ತೆ ಹಸಿ. ಕವಲು ದಾಟಿ ನಿಂತು, ಹಿಂದಿನವರು ಬರಲಿ, ಜೊತೆಗೇ ಹೋದರಾಯಿತು ಅಂತ ಕಾದೆ. ಹೆಜ್ಜೆ ಸದ್ದು ಹತ್ತಿರ ಬಂತು... ಇನ್ನೂ ಹತ್ತಿರ... ನಿಂತಿತು.

"ಬರ್ರಿ, ಕೂಡೇ ಹೋಗೂಣು" ಅಂದೆ.

ಟಾರ್ಚನ್ನು ಆ ಕಡೆ ತಿರುಗಿಸಿದೆ. ಹಾದಿ ನೆಟ್ಟಗೆ ಉದ್ದಕ್ಕೂ ಕಾಣುತ್ತಿತ್ತು. ಬೆಳಕು ಮುಟ್ಟುವವರೆಗೂ ಒಂದು ನರಪಿಳ್ಳೆಯೂ ಇಲ್ಲ. ಆದರೆ ಒದ್ದೆ ಕಂಬಳಿಯ ವಾಸನೆ ಮಾತ್ರ, ಕೈಚಾಚಿದರೆ ಸಿಗುವಷ್ಟು ಹತ್ತಿರದಲ್ಲಿ...

ತಿರುಗಿ ನಡೆಯತೊಡಗಿದೆ. ನಾನು ನಡೆದರೆ ಹಿಂದೆ ಹೆಜ್ಜೆ, ನಾನು ನಿಂತರೆ ಅದೂ ನಿಲ್ಲುತ್ತಿತ್ತು. ನಾನು ಬಿಟ್ಟು ಬಂದ ಕವಲಿನಲ್ಲಿ ಸರ್‍ರ್... ಧಪ್. ಮುಂದಿನಿಂದ ಬೀಡಿಯ ವಾಸನೆ. ಆ ಹೆಜ್ಜೆಯಲ್ಲಿ ಅವಸರವಿರಲಿಲ್ಲ. ನನ್ನನ್ನು ಹಿಡಿಯುವ ಹೆಜ್ಜೆಯಲ್ಲ ಅದು, ನನ್ನನ್ನು ಬಿಟ್ಟರೆ ದಾರಿ ತಿಳಿಯದ ಹೆಜ್ಜೆ ಅಂತ ಆಗಲೇ ಅನ್ನಿಸಿತ್ತು. ಆದರೂ ಹೆದರಿಕೆ ಹೆದರಿಕೆಯೇ.

ಕೊನೆಗೆ ನಾಯಿ ಬೊಗಳಿದ್ದು ಕೇಳಿಸಿತು. ಮರಗಳ ಸಂದಿಯಲ್ಲಿ ಒಂದು ಬಲ್ಬಿನ ಬೆಳಕು. ಅಲ್ಲೇ ಕೊನೆಯ ಕವಲು, ಅಲ್ಲೂ ಒಂದು ಹಾದಿಗೆ ಅಡ್ಡ ಹಾಕಿದ ತಪ್ಪಲ. ನಾನು ಆ ಕವಲು ದಾಟುತ್ತಿದ್ದ ಹಾಗೆ ಮುಂದಿನ ಕತ್ತಲಿನಿಂದ ಒಂದು ದನಿ ಬಂತು. ಗಂಡಸಿನ ದನಿ, ವಯಸ್ಸಾದದ್ದು, ದಣಿದದ್ದು. ಮೊದಲು ಮರಾಠಿಯಲ್ಲಿ, ಆಮೇಲೆ ಕನ್ನಡದಲ್ಲಿ, ಆ ಕಡೆಯವರು ಗುರುತಿಲ್ಲದವರನ್ನು ಮಾತಾಡಿಸುವ ಹಾಗೆಯೇ.

"ಮಾಗೇ ಕೋಣ್ ಆಹೇ ಕಾ?... ಹಿಂದ ಯಾರರ ಅದಾರೇನು?"

ನಾನು ಯೋಚನೆಯನ್ನೇ ಮಾಡಲಿಲ್ಲ. ಬಸ್ಸಿನ ಕಂಡಕ್ಟರು, ಆಸ್ಪತ್ರೆಯ ನರ್ಸು, ಖಾನಾವಳಿಯ ಮಾಣಿ, ಯಾರೇ ಆಗಲಿ, ಜೊತೆಗೆ ಯಾರಿದ್ದಾರೆ ಅಂತ ಕೇಳಿದರೆ ನನ್ನ ಬಾಯಿಂದ ವರ್ಷಗಟ್ಟಲೆಯಿಂದ ಬರುವುದು ಒಂದೇ ಮಾತು. ಅದೇ ಬಂತು.

"ಯಾರೂ ಇಲ್ಲರೀ. ನಾ ಒಬ್ಬಾಕೀನ."

ಬೀಡಿಯ ವಾಸನೆ ದೀಪ ಆರಿಸಿದ ಹಾಗೆ ಹೋಗಿಬಿಟ್ಟಿತು. ಬೆನ್ನ ಹಿಂದಿನ ಹೆಜ್ಜೆಯೂ ನಿಂತಿತು.

ಆಮೇಲೆ ಹಿಂದಿನಿಂದ ಕೂಗು ಕೇಳಿಸಿತು. "ಓ..." ಅಂತ ಉದ್ದಕ್ಕೆ. ಹೆದರಿಸುವ ಕೂಗಲ್ಲ. ಗಾಡಿ ತಪ್ಪಿಸಿಕೊಂಡವರು ಪ್ಲಾಟ್‌ಫಾರ್ಮಿನ ತುದಿಯಲ್ಲಿ ನಿಂತು ಕೂಗುವ ಹಾಗಿತ್ತು. ಇನ್ನೊಮ್ಮೆ ಬಂತು, ಇನ್ನೂ ದೂರದಿಂದ. ನಾನು ತಿರುಗಿ "ಓ" ಅನ್ನಬೇಕಿತ್ತು. ಅನ್ನಲಿಲ್ಲ. ಬಲ್ಬಿನ ಬೆಳಕಿನ ಕಡೆ ಓಡಿದೆ.

ಶಾಂತಾವೈನಿ ಬಾಗಿಲಲ್ಲೇ ನಿಂತಿದ್ದರು. ಬಿಸಿನೀರು ಕೊಟ್ಟರು, ಅನ್ನ ಬಡಿಸಿದರು. ಉಣ್ಣುತ್ತಾ ಎಲ್ಲವನ್ನೂ ಹೇಳಿಬಿಟ್ಟೆ. ಆ ಹಾದಿಗೆ ಈಗ ನಮ್ಮೂರಿನವರು ಯಾರೂ ಹೋಗುವುದಿಲ್ಲ, ಬಂಡಿ ನಿಂತೇ ಎಷ್ಟೋ ವರ್ಷವಾಯಿತು ಅಂದರು. ನಗುತ್ತಾರೇನೋ ಅಂದುಕೊಂಡಿದ್ದೆ, ನಗಲಿಲ್ಲ. ತಟ್ಟೆ ಎತ್ತುವಾಗ ತಗ್ಗಿದ ದನಿಯಲ್ಲಿ ಒಂದೇ ಮಾತು ಕೇಳಿದರು.

"ಕಡೇ ತಪ್ಪಲ ಯಾರ ತಗದ್ರು?"

ನಾನು ತೆಗೆದಿರಲಿಲ್ಲ. ತೆಗೆದ ಸದ್ದೂ ಕೇಳಿರಲಿಲ್ಲ. ವೈನಿ ಎದ್ದು ಹೋಗಿ ಅಂಗಳದ ಲೈಟು ಹಚ್ಚಿ ಬಂದರು, ಬೆಳಗಾಗುವವರೆಗೆ ಆರಿಸಲಿಲ್ಲ. ನಾನೂ ಕಣ್ಣು ಮುಚ್ಚಲಿಲ್ಲ.

ಬೆಳಿಗ್ಗೆ ವೈನಿಯನ್ನು ಜೊತೆಗೆ ಕರೆದುಕೊಂಡು ಆ ಕವಲಿಗೆ ಹೋದೆ. ಬಿಸಿಲು ಬಿದ್ದಿತ್ತು. ತಪ್ಪಲ ಅಲ್ಲೇ ಇತ್ತು, ಬಾಡಿರಲಿಲ್ಲ.

ಆದರೆ ರಾತ್ರಿ ಅದು ಬಿದ್ದಿದ್ದ ಹಾದಿಯ ಮೇಲಲ್ಲ... ನಾನು ಊರಿಗೆ ಬಂದ ಹಾದಿಗೆ ಅಡ್ಡವಾಗಿತ್ತು.

ನನ್ನ ಹಿಂದೆ ಬಂದವರು ಯಾರೇ ಇರಲಿ, ಪದ್ಧತಿ ತಿಳಿದವರಾದರೆ ಅದನ್ನು ನೋಡಿ ಈ ಕಡೆ ಬರುವುದಿಲ್ಲ. ಇನ್ನೊಂದು ಹಾದಿ ಹಿಡಿಯುತ್ತಾರೆ. ಅದು ಎಲ್ಲಿಗೆ ಹೋಗುತ್ತದೆ ಅಂತ ವೈನಿಯನ್ನು ಕೇಳಿದೆ. ಎಲ್ಲಿಗೂ ಇಲ್ಲ, ತಿರುಗಿ ಕಾಡಿನೊಳಗೇ ಅಂದರು.

ಟೊಂಗೆ ಎತ್ತಿ ಎಸೆದೆ. ಅಂಗೈಗೆ ಒಗರು ವಾಸನೆ ಅಂಟಿತು. ಕಾಡಿನ ಕಡೆ ಮುಖ ಮಾಡಿ, ಹಿಂದಿನ ರಾತ್ರಿ ಕೊಡಬೇಕಾಗಿದ್ದ "ಓ" ಕೊಟ್ಟೆ. ಮತ್ತೆ ಕೊಟ್ಟೆ. ಬಸ್ಸಿನ ಹೊತ್ತಾಯಿತು ಅಂತ ವೈನಿ ತೋಳು ಹಿಡಿದು ಎಳೆಯುವವರೆಗೂ ನಿಂತಿದ್ದೆ. ಯಾರೂ ಬರಲಿಲ್ಲ. ನನಗೆ ಅಳು ಬಂತು. ಯಾರಿಗಾಗಿ ಅಂತ ಕೇಳಿದರೆ ಹೇಳಲು ಬರುವುದಿಲ್ಲ.

ಬೆಳಗಾವಿಗೆ ಬಂದು ಎಲ್ಲವನ್ನೂ ವಿದ್ಯಾಳಿಗೆ ಹೇಳಿದೆ. ದಿಂಬಿನ ಮೇಲೆ ಕಾಲು ಚಾಚಿ ಕೂತಿದ್ದಳು. ಒಬ್ಬಳೇ ಹೋದದ್ದಕ್ಕೆ ಬೈಯುತ್ತಾಳೆ ಅಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಕಿಟಕಿಯ ಕಡೆ ನೋಡುತ್ತಾ, "ಹಂಗಾರ ನಿನ್ನ ಹಿಂದ ಇದ್ದವರು ಇನ್ನೂ ಹಾದಿ ನೋಡಾಕತ್ತಿರಬೇಕು" ಅಂದಳು.

ಆ ತುಣುಕನ್ನೇ ಬಿಟ್ಟು ಸುತ್ತಿ ಹೋಗೋಣ ಅಂತ ಅವಳು ನಕ್ಷೆ ತೆಗೆದಳು. ಬೇಡ ಅಂದೆ. ಹಾದಿ ನೋಡುವವರು ಯಾರೂ ಇಲ್ಲದಿರುವುದು ಹೇಗಿರುತ್ತದೆ ಅಂತ ನನಗೆ ಗೊತ್ತು. ನೋಡಿ ನೋಡಿ ಯಾರೂ ಬಾರದೇ ಇರುವುದು ಅದಕ್ಕಿಂತ ಕಷ್ಟ ಇರಬೇಕು.

ಡಿಸೆಂಬರಿನ ನಡಿಗೆ ಹತ್ತಿರ ಬಂದಿದೆ. ವಿದ್ಯಾಳ ಕಾಲು ನೆಟ್ಟಗಾಗಿದೆ, ಎಂದಿನಂತೆ ಅವಳೇ ಮುಂದೆ. ಈ ಸಲ ನಾನು ನಡುವೆ ಅಲ್ಲ, ಎಲ್ಲರಿಗಿಂತ ಕೊನೆಗೆ ಬರುತ್ತೇನೆ ಅಂತ ಹೇಳಿದ್ದೇನೆ. ಆ ಕೊನೆಯ ಕವಲಿನಲ್ಲಿ ನಿಂತು ಅವಳು ಕೂಗುತ್ತಾಳೆ, ಕೂಗಲೇಬೇಕು. ಬೆನ್ನ ಹಿಂದೆ ತರಗೆಲೆ ಸದ್ದಾಗಲಿ ಆಗದಿರಲಿ, "ಅದಾರ" ಅಂತಲೇ ಉತ್ತರ ಕೊಡಬೇಕೆಂದು ಮನಸ್ಸು ಗಟ್ಟಿ ಮಾಡಿಕೊಂಡಿದ್ದೇನೆ.

ಹಾಗಂದ ಮೇಲೆ ಅವರು ನಮ್ಮ ಜೊತೆಗೇ ಬರಬೇಕಾಗುತ್ತದೆ. ಎಲ್ಲಿಯವರೆಗೆ ಬರುತ್ತಾರೆ ಅನ್ನುವುದನ್ನು ಮಾತ್ರ ವಿದ್ಯಾಳ ಅಜ್ಜ ಹೇಳಿರಲಿಲ್ಲ.